ಮೂಕಪ್ರಾಣಿಯ ಹಿತವೂ ನಮ್ಮ ಅಧಿಕಾರವೂ

ಒಂದು ಜೀವಿಯ ಒಳಿತಿಗಾಗಿ ಅದನ್ನು ನೋಯಿಸುವ ಅಧಿಕಾರವು ನಮಗೆ ಎಲ್ಲಿಂದ ಬರುತ್ತದೆ? ಮನುಷ್ಯರೋಗಿಯ ವಿಷಯದಲ್ಲಿ ಉತ್ತರವು ಸುಲಭ. ಅವನು ಒಪ್ಪಿಯೇ ವೈದ್ಯನಿಗೆ ಮೈಗೊಡುತ್ತಾನೆ. ಕೂಸು ಒಪ್ಪಲಾರದಾದರೂ, ತಾಯಿಯು ಕಹಿಯನ್ನೇಕೆ ಕುಡಿಸಿದಳೆಂಬುದನ್ನು ಮುಂದೆ ಬೆಳೆದು ತಿಳಿಯಬಲ್ಲುದು. ಮನೆಯ ಬೆಕ್ಕಿಗೆ ಈ ಎರಡೂ ಇಲ್ಲ. ಅದು ಇಂದು ಒಪ್ಪದು, ಎಂದೆಂದಿಗೂ ತಿಳಿಯದು.

ಕಳೆದ ಮಳೆಗಾಲದಲ್ಲಿ ನಮ್ಮ ಬೆಕ್ಕು ಎಡಗಣ್ಣನ್ನು ಮುಚ್ಚಿಕೊಂಡು ಮೂಲೆ ಸೇರಿತು. ಕಣ್ಣಿನಿಂದ ಮೊದಲು ನೀರು, ಬಳಿಕ ಕೀವು ಒಸರತೊಡಗಿತು. ನಾನು ಕನಿಕರಪಟ್ಟು, ನನ್ನ ಕಣ್ಣಿನ ಪೊರೆಯನ್ನು ತೆಗೆಸಿದಾಗ ಉಳಿದಿದ್ದ ಹನಿಮದ್ದನ್ನೇ ಅದಕ್ಕೆ ಹಾಕಿದೆನು. ಮೊದಲ ದಿನ ಕೆಂಪು ತಗ್ಗಿದಂತೆ ತೋರಿತು. ಮೂರನೆಯ ದಿನ ಕಣ್ಣು ಮಂಜಾಯಿತು. ಪಶುವೈದ್ಯರು ಫ್ಲೋರೆಸೀನ್ ಎಂಬ ಬಣ್ಣವನ್ನು ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ, ಕಣ್ಣಿನ ಮುಂಭಾಗದ ತಿಳಿಪೊರೆಯಾದ ಕಾರ್ನಿಯಾದಲ್ಲಿ ಹುಣ್ಣು ಹಸಿರಾಗಿ ಹೊಳೆಯಿತು. ನಾನು ಹಾಕಿದ ಮದ್ದಿನಲ್ಲಿ ಸ್ಟೆರಾಯ್ಡ್ ಇದ್ದಿತು. ಅದು ಉರಿಯನ್ನು ಅಡಗಿಸುತ್ತದೆ. ಆದರೆ ಹುಣ್ಣು ಮಾಯುವುದನ್ನು ತಡೆದು ಸೋಂಕಿಗೆ ದಾರಿಬಿಡುತ್ತದೆ. ಬೆಕ್ಕುಗಳ ಇಂತಹ ಬೇನೆಗೆ ಬಹುಸಲ ಮೂಲವಾಗಿರುವುದು, 1958ರಲ್ಲಿ ಮೊದಲು ಬೇರ್ಪಡಿಸಿ ಗುರುತಿಸಲಾದ ಹರ್ಪಿಸ್ ಜಾತಿಯ ಒಂದು ವೈರಸ್. ಒಮ್ಮೆ ಒಳಹೊಕ್ಕರೆ ಅದು ನರಗಂಟಿನಲ್ಲಿ ಅಡಗಿದ್ದು, ಪ್ರಾಣಿಯು ಬಳಲಿದಾಗ ಮತ್ತೆ ತಲೆಯೆತ್ತುತ್ತದೆ. ಇದೊಂದನ್ನೂ ಅರಿಯದ ನನ್ನ ಕನಿಕರವು ರೋಗದ ಕಡೆಗೇ ಸೇರಿಕೊಂಡಿತು.

ಆಮೇಲೆ ಎರಡೆರಡು ಗಂಟೆಗೊಮ್ಮೆ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಹನಿ ಹಾಕಬೇಕಾಯಿತು. ನನ್ನ ಹೆಜ್ಜೆಯ ಸದ್ದಿಗೆ ಬಾಲವೆತ್ತಿ ಬರುತ್ತಿದ್ದ ಬೆಕ್ಕು ಅದೇ ಸದ್ದಿಗೆ ಕಪಾಟಿನ ಅಡಿಗೆ ಓಡತೊಡಗಿತು. ಹತ್ತನೆಯ ದಿನ ಹುಣ್ಣು ತೂತುಬಿದ್ದಿತು. ಕಣ್ಣನ್ನು ತೆಗೆಯುವುದೇ ಉಳಿದ ದಾರಿಯೆಂದು ವೈದ್ಯರು ಹೇಳಿದರು. ನಾವು ಎರಡು ದಿನ ತಡೆದೆವು. ‘ಪಾಪ, ಆ ಮುಖ ಇನ್ನು ಹೇಗೆ ಕಾಣುವುದೋ!’ ಎಂಬುದೇ ಮನೆಯವರೆಲ್ಲರ ಮಾತು. ಬೆಕ್ಕು ಕನ್ನಡಿ ನೋಡಿ ಕೊರಗುವ ಪ್ರಾಣಿಯಲ್ಲ. ಅದಕ್ಕಿದ್ದುದು ನೋವು, ರೂಪದ ಚಿಂತೆ ನಮ್ಮದು. ಆ ಎರಡು ದಿನಗಳ ನೋವನ್ನು ಅದು ನಮಗಾಗಿ ಅನುಭವಿಸಿತು.

ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯಲು ನಮ್ಮ ದೇಶದಲ್ಲಿ 1960ರಲ್ಲಿ ಆದ ಶಾಸನವು, ಪ್ರಾಣಿಯನ್ನು ಸಾಕಿಕೊಂಡವನು ಅದಕ್ಕೆ ಅನಾವಶ್ಯಕವಾದ ನೋವಾಗದಂತೆ ನೋಡಿಕೊಳ್ಳಬೇಕೆಂದು ವಿಧಿಸುತ್ತದೆ. ನೋವೇ ಕೂಡದೆಂದು ಅದು ಹೇಳುವುದಿಲ್ಲ. ಆದರೆ ಆವಶ್ಯಕವಾದುದು ಯಾವುದೆಂದು ನಿರ್ಣಯಿಸುವವರು ಯಾರು? ನಾವೇ. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ತಿಳಿಸುತ್ತಾನೆ. ಅಲ್ಲಿ ಮನುಷ್ಯನು ಆರಿಸಿಕೊಳ್ಳುವುದು ತನಗಾಗಿ. ಇನ್ನೊಂದು ಜೀವಿಗಾಗಿ ಆರಿಸುವಾಗ ಅಪಾಯವು ಇಮ್ಮಡಿಯಾಗುತ್ತದೆ. ನಮ್ಮ ಪ್ರೇಯಸ್ಸನ್ನೇ ಅದರ ಶ್ರೇಯಸ್ಸೆಂದು ಬಗೆಯುತ್ತೇವೆ. ಹನಿ ಹಾಕಿದಾಗ ನನಗೆ ಬೇಕಾಗಿದ್ದುದು ಏನನ್ನೋ ಮಾಡಿದೆನೆಂಬ ನೆಮ್ಮದಿ. ತಡೆದಾಗ ಬೇಕಾಗಿದ್ದುದು ನಮ್ಮ ಹಳೆಯ ಬೆಕ್ಕಿನ ಮುಖ.

ಆದುದರಿಂದ ಪ್ರೀತಿಯೊಂದೇ ಆ ಅಧಿಕಾರವನ್ನು ಕೊಡಲಾರದು. ಬಲ್ಲವರನ್ನು ಕೇಳಿ, ನಮ್ಮ ಸಮಾಧಾನವನ್ನು ಲೆಕ್ಕದಿಂದ ಕಳೆದ ಮೇಲೆ ಎಷ್ಟು ಉಳಿಯುವುದೋ ಅಷ್ಟೇ ನಮ್ಮದು.

ಬೆಕ್ಕು ಈಗ ಒಂದೇ ಕಣ್ಣಿನಿಂದ ಹಿತ್ತಿಲ ಗೋಡೆಯನ್ನು ಹತ್ತಿಳಿಯುತ್ತದೆ. ಕರೆದರೆ ಬರುತ್ತದೆ, ಆದರೆ ಒಂದು ಕ್ಷಣ ನಿಂತು, ನನ್ನ ಕೈಯನ್ನು ನೋಡಿ ಬರುತ್ತದೆ. ಹಾಗೆ ನೋಡುವುದು ಅದಕ್ಕೆ ಸಲ್ಲುವುದು.