ಬಾಯಿ ತೆರೆದು ಕೂತವರ ಋಣ

ವೈಟ್‌ಫೀಲ್ಡಿನ ವೈದೇಹಿ, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿರುವ ಆಕ್ಸ್‌ಫರ್ಡ್, ಹೀಗೆ ಬೆಂಗಳೂರಿನ ಹೊರಅಂಚಿನ ಡೆಂಟಲ್ ಕಾಲೇಜುಗಳು ಐಟಿ ಪಾರ್ಕು, ಕಾರ್ಖಾನೆಗಳ ಮಗ್ಗುಲಲ್ಲೇ ಇವೆ. ಟೆಕ್ ಕಂಪನಿಯ ಉದ್ಯೋಗಿಗೆ ಹಲ್ಲು ನೋವು ಬಂದರೆ ಖಾಸಗಿ ಕ್ಲಿನಿಕ್ಕು ಇದೆ. ಆ ಕಟ್ಟಡಗಳಿಗೆ ಗಾರೆ ಹಾಕಿದವರು, ಗೇಟಿನಲ್ಲಿ ರಾತ್ರಿಯಿಡೀ ನಿಲ್ಲುವವರು, ಗಾರ್ಮೆಂಟ್ಸಿನಲ್ಲಿ ಹೊಲಿಯುವವರು ಖರ್ಚು ಕಡಿಮೆ ಎಂದು ಇಂಥ ಕಾಲೇಜುಗಳ ಒಪಿಡಿಗೆ ಬರುತ್ತಾರೆ, ವಿದ್ಯಾರ್ಥಿಯ ಮುಂದೆ ಬಾಯಿ ತೆರೆಯುತ್ತಾರೆ. ಬಡವರ ಬಾಯಲ್ಲಿ ಕೈ ಪಳಗಿಸಿಕೊಂಡು ಮುಂದೆ ಉಳ್ಳವರಿಗೆ ಚಿಕಿತ್ಸೆ ಕೊಡುವುದು ಧರ್ಮವೇ? ಧರ್ಮವೇ ಹೌದು, ಆದರೆ ಅದೊಂದು ಸಾಲ ಎಂದು ಒಪ್ಪಿಕೊಂಡಾಗ ಮಾತ್ರ ಎಂಬುದು ನನ್ನ ವಾದ.

ಬಿಡಿಎಸ್ ಎಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೊದಲೆರಡು ವರ್ಷ ವಿದ್ಯಾರ್ಥಿ ಜೀವಂತ ಬಾಯಿಗೆ ಕೈ ಹಾಕುವುದಿಲ್ಲ. ಮೇಣದ ತುಂಡಿನಲ್ಲಿ ಒಂದೊಂದೇ ಹಲ್ಲಿನ ಆಕಾರ ಕೆತ್ತುತ್ತಾನೆ. ಬೊಂಬೆತಲೆಯ ಮುಂದೆ ಕೂತು, ಪುಟ್ಟ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುವ ಹಲ್ಲನ್ನು ನೋಡುತ್ತ, ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಡ್ರಿಲ್ ಹಿಡಿಯುವುದನ್ನು ಅಭ್ಯಾಸ ಮಾಡುತ್ತಾನೆ. ದವಡೆ ಹಲ್ಲಿನ ಎನಾಮಲ್ ದಪ್ಪವಿರುವ ಕಡೆಯೂ ಎರಡೂವರೆ ಮಿಲಿಮೀಟರ್ ಆಸುಪಾಸು ಅಷ್ಟೆ. ಒಳಗೆ ನರವಿದೆ, ಕೈ ಜಾರುವಂತಿಲ್ಲ. ಅಭ್ಯಾಸಕ್ಕೆಂದು ಪ್ಲಾಸ್ಟರಿನಲ್ಲಿ ನಿಲ್ಲಿಸುವ ನಿಜವಾದ ಹಲ್ಲುಗಳು ಯಾರದೋ ಬಾಯಿಂದ ಕಿತ್ತವು, ಕ್ಲಿನಿಕ್ಕುಗಳನ್ನು ಸುತ್ತಿ ಬಾಟಲಿಯಲ್ಲಿ ಕೂಡಿಸಿ ತಂದವು. ಅಂಗರಚನಾ ವಿಭಾಗದಲ್ಲಿ ದಾನವಾಗಿ ಬಂದ ಶವವನ್ನು ಮೊದಲ ಗುರುವೆಂದು ಗೌರವಿಸುತ್ತಾರೆ, ಎಷ್ಟೋ ಕಾಲೇಜುಗಳಲ್ಲಿ ಅದರ ಮುಂದೆ ಪ್ರತಿಜ್ಞೆಯನ್ನೂ ಮಾಡಿಸುತ್ತಾರೆ. ಮೂರನೇ ವರ್ಷದಲ್ಲಿ ಎದುರಾಗುವ ಜೀವಂತ ಗುರುವಿಗೆ ಮಾತ್ರ ‘ಕೇಸ್’ ಎಂಬ ಹೆಸರು.

ಮನುಷ್ಯ ಹುಟ್ಟುವಾಗಲೇ ಋಣ ಹೊತ್ತು ಬರುತ್ತಾನೆ ಎನ್ನುತ್ತದೆ ನಮ್ಮ ಪರಂಪರೆ. ಶತಪಥ ಬ್ರಾಹ್ಮಣವು ದೇವ, ಋಷಿ, ಪಿತೃಗಳ ಜೊತೆಗೆ ಮನುಷ್ಯರ ಋಣವನ್ನೂ ಎಣಿಸುತ್ತದೆ. ವಿದ್ಯಾರ್ಥಿಯ ಋಣ ಈ ನಾಲ್ಕನೆಯದು. ಲಕ್ಷಾಂತರ ರೂಪಾಯಿ ಫೀಸು ಕಟ್ಟಿ ಓದುವವನಿಗೆ ಇನ್ನೆಂಥ ಋಣ ಎಂದು ಕೇಳಬಹುದು. ಆದರೆ ಆ ಫೀಸು ಸೇರುವುದು ಕಾಲೇಜಿಗೆ, ಬಾಯಿ ಕೊಟ್ಟವನಿಗಲ್ಲ. ರೋಗಿಗೆ ಅಗ್ಗದ ಚಿಕಿತ್ಸೆ ಸಿಕ್ಕಿತಲ್ಲ, ಒಪ್ಪಿಯೇ ಬಂದನಲ್ಲ, ಲೆಕ್ಕ ಚುಕ್ತಾ ಆಯಿತು ಎನ್ನುವವರೂ ಇದ್ದಾರೆ. ಬೇರೆ ದಾರಿಯಿಲ್ಲದವನ ಒಪ್ಪಿಗೆಗೆ ಎಷ್ಟು ತೂಕವೆಂಬ ಪ್ರಶ್ನೆ ಹಾಗಿರಲಿ. ಚಿಕಿತ್ಸೆ ನಿಜಕ್ಕೂ ಅಗ್ಗವೇ? ಪೂರ್ತಿ ಹಲ್ಲಿನ ಸೆಟ್ ಕೂರಿಸಲು ಮೊದಲ ಅಳತೆ, ಎರಡನೇ ಅಳತೆ, ದವಡೆಗಳ ಹೊಂದಾಣಿಕೆ, ಮೇಣದಲ್ಲಿ ಜೋಡಿಸಿ ನೋಡುವುದು, ಕೊನೆಗೆ ಸೆಟ್ ಕೊಡುವುದು ಎಂದು ಸಾಮಾನ್ಯವಾಗಿ ಐದು ಸಲ ಬರಬೇಕು. ದಿನಗೂಲಿಯವನಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ, ವಯಸ್ಸಾದವರಾದರೆ ಕರೆತಂದ ಮಗಳ ಹಾಜರಿಯೂ ಹೋಗುತ್ತದೆ. ಈ ವೆಚ್ಚ ಯಾವ ರಸೀದಿಯಲ್ಲೂ ಕಾಣುವುದಿಲ್ಲ.

ಯಾರ ಮೇಲಾದರೂ ಕಲಿಯದೆ ವೈದ್ಯರಾಗುವುದು ಹೇಗೆ ಎಂಬ ಆಕ್ಷೇಪ ಇದೆಲ್ಲಕ್ಕಿಂತ ಗಟ್ಟಿ, ಅದನ್ನು ಒಪ್ಪುತ್ತೇನೆ. ಬೊಂಬೆಗೆ ನೋವಿಲ್ಲ, ಭಯವಿಲ್ಲ, ಜೊಲ್ಲು ಕೂಡ ಇಲ್ಲ. ಅದು ಕಲಿಸುವುದಕ್ಕೆ ಮಿತಿಯಿದೆ. ಮೇಷ್ಟರು ಹಂತಹಂತವಾಗಿ ನೋಡಿ ಸಹಿ ಹಾಕುವ ಕೆಲಸ ಎಷ್ಟೋ ಸಲ ಅವಸರದ ಕ್ಲಿನಿಕ್ಕಿಗಿಂತ ಅಚ್ಚುಕಟ್ಟಾಗಿರುತ್ತದೆ. ಆದ್ದರಿಂದ ತಪ್ಪು ಕಲಿಕೆಯದಲ್ಲ, ಎಣಿಕೆಯದು. ಪರೀಕ್ಷೆಗೆ ಕೂರಬೇಕಾದರೆ ಇಂತಿಷ್ಟು ಹಲ್ಲು ಕಿತ್ತಿರಬೇಕು, ಇಂತಿಷ್ಟು ಫಿಲ್ಲಿಂಗ್, ಇಂತಿಷ್ಟು ಸೆಟ್ ಆಗಿರಬೇಕು. ‘ಕೋಟಾ’ ಮುಗಿಯದ ಹುಡುಗಿ ತನ್ನ ಕೈಯಿಂದಲೇ ಆಟೋ ಖರ್ಚು ಕೊಟ್ಟು ಅಜ್ಜಿಯೊಬ್ಬರನ್ನು ಕರೆತರುತ್ತಾಳೆ. ಅವಳನ್ನು ದೂರುವುದು ಅನ್ಯಾಯ; ಅವಳಿಗೆ ಹಾಗೆ ಎಣಿಸಲು ಕಲಿಸಿದ್ದು ವ್ಯವಸ್ಥೆ. ಪೋಸ್ಟಿಂಗ್ ಮುಗಿದ ದಿನ ವಿದ್ಯಾರ್ಥಿ ಬೇರೆ ವಿಭಾಗಕ್ಕೆ ಹೋಗುತ್ತಾಳೆ. ಅಜ್ಜಿಗೆ ಸೆಟ್ ಒತ್ತಿ ವಸಡು ಹುಣ್ಣಾದರೆ ಸೆಟ್ಟನ್ನು ಉಜ್ಜಿ ಸರಿಮಾಡಿಕೊಡುವ ಹೊಣೆ ಯಾರದು? ಪುಸ್ತಕದಲ್ಲಿ ಸಹಿ ಬಿದ್ದಾಗಿದೆ. ಒಬ್ಬ ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು ಎಂದು ತತ್ವಜ್ಞಾನಿ ಕಾಂಟ್ ಹೇಳಿದ್ದು ಮುರಿಯುವುದು ಡ್ರಿಲ್ ಹಿಡಿದ ಗಳಿಗೆಯಲ್ಲಲ್ಲ, ಈ ಗಳಿಗೆಯಲ್ಲಿ.

ಹಾಗಾದರೆ ಈ ಋಣ ತೀರುವುದು ಹಣದಿಂದಲ್ಲ, ಹಿಡಿದ ಚಿಕಿತ್ಸೆಯನ್ನು ಕೊನೆಮುಟ್ಟಿಸುವುದರಿಂದ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಬಂದಿದೆ. ಅದರಡಿ ನಿಯಮ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: ಕಿತ್ತ ಹಲ್ಲುಗಳ ಬದಲು ಪೂರ್ತಿ ಗುಣವಾಗಿ ಮನೆಗೆ ಹೋದ ಜನರನ್ನು ಎಣಿಸಿ. ಕಾಲೇಜುಗಳೂ ಪೀಣ್ಯ, ಬೊಮ್ಮಸಂದ್ರದ ಪಾಳಿ ಕೆಲಸದವರಿಗಾಗಿ ಸಂಜೆ ಮತ್ತು ಭಾನುವಾರ ಒಪಿಡಿ ತೆರೆಯಲಿ.