ಮದ್ದಳೆ ಯಾರದು?

ಕಳೆದ ಮಳೆಗಾಲದಲ್ಲಿ ನಮ್ಮ ಡೊಂಬಿವಲಿಯ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ನಡೆಯಿತು. ವಾದಿ ನಾನು, ಪ್ರತಿವಾದಿ ನನ್ನ ಕಿರಿಯ ಮಗ. ವಿಷಯ, ಕಂಪ್ಯೂಟರಿನ ಒಂದು ಸಾಫ್ಟ್‌ವೇರ್. ‘ಇದೆಂಥ ವಿಷಯ, ನೀತಿ ಅನೀತಿಗೂ ಇದಕ್ಕೂ ಏನು ನಂಟು’ ಎಂದು ವಾಚಕ ಬಾಂಧವರು ಪುಟ ಮಗುಚುವ ಮೊದಲು ತುಸು ತಾಳ್ಮೆ ವಹಿಸಬೇಕೆಂದು ವಿನಂತಿ. ವಾದಿಯಾಗಿ ಹೊರಟ ನಾನು ಕೊನೆಗೆ ಕಟಕಟೆಯಲ್ಲಿ ನಿಂತ ಬಗೆಯನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಗ ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ, ಘನ್ಸೋಲಿ ದಾಟಿ ನೆರೂಲ್. ಈ ಪ್ರಯಾಣದಲ್ಲೆಲ್ಲ ಅವನ ಕಿವಿಯಲ್ಲಿ ಹಾಡು, ಕಣ್ಣಲ್ಲಿ ಜಪಾನಿನ ಚಿತ್ರ. ಅನಿಮೆ ಎಂದು ಅದಕ್ಕೆ ಹೆಸರು. ನಮ್ಮ ಮನೆಗಳಿಗೆ ಅದು ತೀರ ಹೊಸತೇನೂ ಅಲ್ಲ. 1993ರಲ್ಲಿ ದೂರದರ್ಶನದಲ್ಲಿ ಗುಲ್ಜಾರರ ಶೀರ್ಷಿಕೆ ಗೀತೆಯೊಡನೆ ಬರುತ್ತಿದ್ದ ಮೊಗ್ಲಿಯ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಅದು ಜಪಾನಿನಲ್ಲಿ ತಯಾರಾದದ್ದೆಂದು ನಮಗೆ ಆಗ ತಿಳಿದಿರಲಿಲ್ಲ, ಅಷ್ಟೆ.

ಈಗಿನ ಹುಡುಗರು ನೋಡಿ ಸುಮ್ಮನಿರುವುದಿಲ್ಲ. ಆ ಚಿತ್ರಗಳಿಂದ ತಮಗೆ ಬೇಕಾದ ತುಣುಕುಗಳನ್ನು ಆರಿಸಿ, ಅದರ ಮಾತು ಸದ್ದುಗಳನ್ನೆಲ್ಲ ತೆಗೆದು, ತಮಗೆ ಪ್ರಿಯವಾದ ಬೇರೊಂದು ಹಾಡನ್ನು ಅದಕ್ಕೆ ಹೊಂದಿಸಿ, ಮೂರು ನಾಲ್ಕು ನಿಮಿಷದ ಹೊಸ ಚಿತ್ರವೊಂದನ್ನು ಕಟ್ಟುತ್ತಾರೆ. 1982ರಲ್ಲಿ ಅಮೆರಿಕದ ಜಿಮ್ ಕಪೋಸ್ಟಾಸ್ ಎಂಬ ತರುಣ ಎರಡು ವೀಡಿಯೊ ರೆಕಾರ್ಡರುಗಳನ್ನು ತಂತಿಯಿಂದ ಜೋಡಿಸಿ, ಜಪಾನಿನ ಯುದ್ಧನೌಕೆಯೊಂದರ ಕಥೆಗೆ ಬೀಟಲ್ಸ್ ತಂಡದ ಪ್ರೇಮಗೀತೆಯನ್ನು ಹೊಂದಿಸಿದ್ದೇ ಈ ಕಲೆಯ ಆರಂಭವೆಂದು ಹೇಳುತ್ತಾರೆ.

ಇದು ಮಕ್ಕಳಾಟವಲ್ಲ ಎಂಬುದು ಮಗನ ಹಿಂದೆ ನಿಂತು ನೋಡಿದ ಮೇಲೆ ನನಗೆ ಮನವರಿಕೆಯಾಯಿತು. ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಹಾಡಿನ ಗತಿ ನಿಮಿಷಕ್ಕೆ 120 ಪೆಟ್ಟಾದರೆ ಒಂದು ಪೆಟ್ಟಿಗೆ ಸರಿಯಾಗಿ 12 ಚೌಕಟ್ಟು. ಎರಡು ಚೌಕಟ್ಟು ಆಚೀಚೆಯಾದರೂ ಕಣ್ಣಿಗೆ ಕಿರಿಕಿರಿ, ಮದ್ದಳೆಗಾರ ತಾಳ ತಪ್ಪಿದ ಹಾಗೆ. ಆದುದರಿಂದ ಅವರಿಗೆ ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ತೋರಿಸುವ, ಹಾಡಿನ ಅಲೆಯನ್ನು ಗೆರೆಯಾಗಿ ಬರೆದು ತೋರಿಸುವ, ಪೆಟ್ಟು ಬಿದ್ದಲ್ಲಿ ಗುರುತು ಹಾಕಲು ಬಿಡುವ ಸಲಕರಣೆ ಬೇಕು. ಸಾಫ್ಟ್‌ವೇರಿನ ಆಯ್ಕೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

ಮಗ ಕಟ್ಟಿದ್ದು ಮಿಯಾಝಾಕಿಯವರ 1988ರ ‘ನನ್ನ ನೆರೆಯ ಟೊಟೊರೊ’ ಚಿತ್ರದ ತುಣುಕುಗಳಿಂದ. ಅದರಲ್ಲಿ ಒಂದು ದೃಶ್ಯವಿದೆ: ಸುರಿಯುವ ಮಳೆಯಲ್ಲಿ ಹುಡುಗಿಯೊಬ್ಬಳು ತಂಗಿಯನ್ನು ಬೆನ್ನಿಗೇರಿಸಿಕೊಂಡು, ಅಪ್ಪನಿಗೆಂದು ತಂದ ಕೊಡೆ ಹಿಡಿದು, ಬಸ್ಸಿನ ದಾರಿ ಕಾಯುತ್ತಾಳೆ. ಬಸ್ಸು ಬರುತ್ತದೆ, ಅಪ್ಪ ಇರುವುದಿಲ್ಲ. ಇದಕ್ಕೆ ನನ್ನ ಮಗ, ಕನ್ನಡವನ್ನು ಅಕ್ಷರ ಕೂಡಿಸಿ ಓದುವವನು, ಪಿ. ಬಿ. ಶ್ರೀನಿವಾಸರ ಹಳೆಯ ಚಿತ್ರಗೀತೆಯೊಂದನ್ನು ಹೊಂದಿಸಿದ್ದ. ಅವನು ಚಿಕ್ಕವನಿದ್ದಾಗ ನಾನು ಫೋರ್ಟಿನ ಆಫೀಸಿನಿಂದ ಮನೆ ಸೇರುವಾಗ ರಾತ್ರಿ ಒಂಬತ್ತು. ಮಳೆಗೆ ಹಳಿ ಮುಳುಗಿದ ದಿನಗಳಲ್ಲಿ ಇನ್ನೂ ತಡ. ನೋಡಿ ಮುಗಿಸಿದ ಮೇಲೆ ನಾನು ‘ಚೆನ್ನಾಗಿದೆ’ ಎಂದೆ. ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ.

ಒಂದು ವಾರದ ಬಳಿಕ ಕಂಪ್ಯೂಟರ್ ಕೆಟ್ಟು ಕುಳಿತಿತು. ಕಲ್ಯಾಣದ ಒಂದು ರಿಪೇರಿ ಅಂಗಡಿಗೆ ಒಯ್ದರೆ, ಅಂಗಡಿಯ ಹುಡುಗ ನಕ್ಕು, ‘ಕಾಕಾ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನ ಜೊತೆ ಹುಳ ಬಂದಿದೆ’ ಎಂದ. ಅಡೋಬಿಯ ಆಫ್ಟರ್ ಇಫೆಕ್ಟ್ಸ್ ಎಂಬ ಬೆಲೆಬಾಳುವ ಸಲಕರಣೆಯ ಬೀಗ ಒಡೆದ ಪ್ರತಿಯನ್ನು ಮಗ ಯಾವನೋ ಸ್ನೇಹಿತನಿಂದ ತಂದಿದ್ದ. ಹುಳದ ಬಾಯಿಗೆ ನನ್ನ ತಾಯಿಯ ಕೊನೆಯ ದಿನಗಳ ಕೆಲವು ಫೋಟೋಗಳೂ ಹೋದವು. ಆ ಸಂಕಟದಲ್ಲಿ ನಾನು ಉಪಯೋಗಿಸಿದ ಪದ ‘ಕಳವು’.

ಮಗ ಸಿಟ್ಟಾಗಲಿಲ್ಲ. ‘ಅಪ್ಪಾ, ಅದರಲ್ಲಿ ಚಿತ್ರ ನನ್ನದಲ್ಲ, ಹಾಡು ನನ್ನದಲ್ಲ. ಅದನ್ನು ನೀವು ಚೆನ್ನಾಗಿದೆ ಎಂದಿರಿ. ಮೂರನ್ನೂ ಕೇಳದೆಯೇ ತೆಗೆದುಕೊಂಡದ್ದು. ಎರಡು ಕಲೆ, ಒಂದು ಮಾತ್ರ ಕಳವು ಹೇಗೆ?’ ಎಂದು ಕೇಳಿದ.

ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಹದಿನೈದು ದಿನ ಬೇಕಾಯಿತು. ಇಂದಿಗೂ ಅದು ಪೂರ್ಣವಾಗಿದೆ ಎನ್ನಲಾರೆ.

ಮೊದಲು ನೆನಪಾದದ್ದು ನಮ್ಮ ತಾಳಮದ್ದಳೆ. ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ಇಲ್ಲಿನ ಸಭಾಗೃಹಗಳಲ್ಲಿ ಅರ್ಥ ಹೇಳುವುದು ಬಹುಕಾಲದಿಂದ ನಡೆದು ಬಂದದ್ದು. ಅಲ್ಲಿ ಕಥೆ ವಾಲ್ಮೀಕಿಯದು, ಪದ್ಯ ಕುಂಬಳೆಯ ಪಾರ್ತಿಸುಬ್ಬನ ಹೆಸರಿನದು, ಹಾಡುವವರು ಭಾಗವತರು. ಹಾಗಿದ್ದೂ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕುಳಿತರೆ ಆ ವಾಲಿ ಶೇಣಿಯವರ ವಾಲಿ. ಇನ್ನೊಬ್ಬರ ಪದ್ಯಕ್ಕೆ ತನ್ನ ಅರ್ಥ. ಮಗ ಮಾಡಿದ್ದೂ ಇದೇ ಜಾತಿಯ ಕೆಲಸ. ಜಪಾನಿನ ಹುಡುಗಿಯ ಕಾಯುವಿಕೆಗೆ ಕನ್ನಡದ ಹಾಡು ಕೂಡಿದಾಗ, ಅಲ್ಲೂ ಇಲ್ಲೂ ಇಲ್ಲದ ಮೂರನೆಯ ಅರ್ಥವೊಂದು ಹುಟ್ಟಿತು. ಅದು ಅವನದು. ಇದನ್ನು ಕಳವು ಎಂದರೆ ನಾವು ಪಂಪನನ್ನೂ ಕುಮಾರವ್ಯಾಸನನ್ನೂ ಠಾಣೆಯ ಕೋರ್ಟಿಗೆ ಎಳೆಯಬೇಕಾದೀತು.

ಆದರೆ ಪ್ರಸಂಗವನ್ನು ಕಡ ತಂದವರು ಉಂಟು. ಮದ್ದಳೆಯನ್ನು ಕದ್ದು ತಂದು ಬಾರಿಸಿದವರ ಸುದ್ದಿ ನಾನು ಕೇಳಿಲ್ಲ.

ಮಗ ಇದನ್ನು ಒಪ್ಪಲಿಲ್ಲ. ಮದ್ದಳೆ ಕದ್ದರೆ ಯಜಮಾನನಿಗೆ ಮದ್ದಳೆ ಇಲ್ಲವಾಗುತ್ತದೆ, ಸಾಫ್ಟ್‌ವೇರ್ ನಕಲು ಮಾಡಿದರೆ ಅಲ್ಲಿದ್ದದ್ದು ಅಲ್ಲಿಯೇ ಇರುತ್ತದೆ ಎಂದ. ಮಾತು ಸರಿಯೇ. ಹಾಗಾದರೆ ವ್ಯತ್ಯಾಸ ಇರುವುದು ನಷ್ಟದಲ್ಲಲ್ಲ ಎಂದಾಯಿತು. ಬೇರೆಲ್ಲಿ?

ಮತ್ತೆ ವಾಲಿಯೇ ಸಹಾಯಕ್ಕೆ ಬಂದ. ‘ವಾಲಿವಧೆ’ಯಲ್ಲಿ ರಾಮನಿಗೂ ವಾಲಿಗೂ ನಡೆಯುವ ವಾದವನ್ನು ನಮ್ಮಲ್ಲಿ ಅನೇಕರು ರಾತ್ರಿಯಿಡೀ ಕೇಳಿದ್ದೇವೆ. ವಾಲಿಯ ಆಕ್ಷೇಪ ಬಾಣದ ಬಗ್ಗೆ ಅಲ್ಲ, ಮರದ ಬಗ್ಗೆ. ಎದುರು ನಿಂತು ಹೊಡೆದಿದ್ದರೆ ಅವನಿಗೆ ಉತ್ತರ ಕೊಡುವ ಅವಕಾಶವಿತ್ತು. ಮಗನ ವಿಡಿಯೋದಲ್ಲಿ ಟೊಟೊರೊ ಎದುರಿಗೇ ನಿಂತಿದ್ದಾನೆ, ಶ್ರೀನಿವಾಸರ ಕಂಠ ಯಾರಿಗೂ ಗುರುತು ಸಿಗುವಂಥದ್ದು. ಮೂಲದವರು ಬಂದು ‘ಬೇಡ’ ಎನ್ನಬಹುದು. ಎಂದದ್ದೂ ಉಂಟು. 2005ರಲ್ಲಿ ವಿಂಡ್-ಅಪ್ ಎಂಬ ಅಮೆರಿಕನ್ ಧ್ವನಿಮುದ್ರಣ ಸಂಸ್ಥೆ ತನ್ನ ಗಾಯಕರ ಹಾಡುಗಳನ್ನು ಬಳಸಿದ ಇಂಥ ವಿಡಿಯೋಗಳನ್ನು ತೆಗೆಯಬೇಕೆಂದು ಕೇಳಿದಾಗ, ದೊಡ್ಡ ಸಂಗ್ರಹವೊಂದು ಸಾವಿರಾರು ವಿಡಿಯೋಗಳನ್ನು ತೆಗೆದುಹಾಕಿತು. ಯೂಟ್ಯೂಬಿನಲ್ಲಿಯೂ 2007ರಿಂದ ಹಾಡಿನ ಒಡೆಯ ತನ್ನದನ್ನು ಗುರುತಿಸಿ, ನಿಲ್ಲಿಸುವ ಅಥವಾ ಜಾಹೀರಾತಿನ ಹಣ ಪಡೆಯುವ ಏರ್ಪಾಡಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು, ಕೃತಿಯನ್ನು ಮಾರಿಬಿಟ್ಟ ಕರ್ತೃವಿಗೂ ತನ್ನ ಕೃತಿಯ ವಿರೂಪವನ್ನು ಆಕ್ಷೇಪಿಸುವ ಹಕ್ಕನ್ನು ಉಳಿಸಿದೆ. ಬಹಿರಂಗವಾಗಿ ತೆಗೆದುಕೊಂಡವನು ತಪ್ಪನ್ನೇ ಮಾಡಿರಬಹುದು. ಆದರೆ ಅವನು ಉತ್ತರಕ್ಕೆ ಬಾಗಿಲು ತೆರೆದಿಟ್ಟಿರುತ್ತಾನೆ.

ಸಾಫ್ಟ್‌ವೇರಿನ ಬೀಗವಾದರೋ, ಮಾಡಿದವರು ಮೊದಲೇ ಹೇಳಿಟ್ಟ ‘ಬೇಡ’. ಕ್ರ್ಯಾಕ್ ಎಂದರೆ ಆ ಮಾತನ್ನೇ ಒಡೆಯುವುದು. ಮುಗಿದ ವಿಡಿಯೋದಲ್ಲಿ ಅದರ ಸುಳಿವೂ ಇರುವುದಿಲ್ಲ. ಮರ ಅಲ್ಲಿದೆ.

ಕಾನೂನು ಈ ವ್ಯತ್ಯಾಸವನ್ನು ನನ್ನಷ್ಟು ಸಲೀಸಾಗಿ ಮಾಡುವುದಿಲ್ಲವೆಂಬುದನ್ನೂ ಹೇಳಬೇಕು. ಅನುಮತಿಯಿಲ್ಲದ ಚಿತ್ರಕ್ಕೂ ಹಾಡಿಗೂ ಅದು ವಿನಾಯಿತಿ ಕೊಡುವುದು ಸ್ವಂತ ಉಪಯೋಗ, ವಿಮರ್ಶೆ ಮುಂತಾದ ಕಿರಿದಾದ ಸಂದುಗಳಲ್ಲಿ ಮಾತ್ರ. ಟೊಟೊರೊನ ತುಣುಕುಗಳು ಎಲ್ಲಿಂದ ಬಂದವೆಂದು ಕೇಳಿದಾಗ ಮಗ ಕೊಟ್ಟ ಉತ್ತರವೂ ಅಷ್ಟೇನೂ ಶುಚಿಯಾಗಿರಲಿಲ್ಲ. ನಾನು ಅಲ್ಲಿಗೇ ಬಿಟ್ಟೆ. ಹೊಗಳಿದ ಬಾಯಿ ನನ್ನದೇ ತಾನೆ.

ಇನ್ನು ಬಡತನದ ವಾದ. ಅಡೋಬಿ 2013ರಿಂದ ತನ್ನ ಸಲಕರಣೆಗಳ ಹೊಸ ಆವೃತ್ತಿಗಳನ್ನು ಮಾರುವುದನ್ನು ಬಿಟ್ಟು ಬಾಡಿಗೆಗೆ ಮಾತ್ರ ಕೊಡುತ್ತದೆ. ಹನ್ನೊಂದು ತಿಂಗಳ ಲೀವ್-ಲೈಸೆನ್ಸ್ ಕರಾರಿನ ಮೇಲೆ ಕೋಣೆಯಿಂದ ಕೋಣೆಗೆ ಸಾಮಾನು ಹೊತ್ತ ನಮಗೆ ಇದರ ರುಚಿ ವಿವರಿಸಬೇಕಾಗಿಲ್ಲ; ಬಾಡಿಗೆ ನಿಂತ ದಿನ ನಮ್ಮದೇ ಕೆಲಸದ ಬಾಗಿಲು ನಮಗೆ ತೆರೆಯುವುದಿಲ್ಲ. ವಿದ್ಯಾರ್ಥಿ ಇಷ್ಟು ಬಾಡಿಗೆ ಎಲ್ಲಿಂದ ತರಬೇಕು? ಬೇರೆ ದಾರಿಯೇ ಇಲ್ಲದಿದ್ದರೆ ನಾನು ಪ್ರಾಯಶಃ ಸೋಲುತ್ತಿದ್ದೆ. ಆದರೆ ದಾರಿ ಇದೆ. ಡಾವಿಂಚಿ ರಿಸಾಲ್ವ್ ಎಂಬುದನ್ನು ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆ 2009ರಲ್ಲಿ ಕೊಂಡು, 2011ರಿಂದ ಅದರ ಒಂದು ರೂಪವನ್ನು ಉಚಿತವಾಗಿ ಕೊಡುತ್ತಾ ಬಂದಿದೆ. ಸಿನಿಮಾದವರೇ ಬಳಸುವಂಥದ್ದು, ಆದರೆ ಅದಕ್ಕೆ 16 ಜಿಬಿ ಮೆಮರಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಎಂದು ಬಲವಾದ ಯಂತ್ರ ಬೇಕು, ನಮ್ಮದು ಅದನ್ನು ಹೊರಲಾರದೆ ಏದುಸಿರು ಬಿಟ್ಟಿತು. ಕೆಡೆನ್‌ಲೈವ್ ಎಂಬುದು ಸ್ವಯಂಸೇವಕರು 2002ರಿಂದ ಕಟ್ಟಿಕೊಂಡು ಬಂದದ್ದು. ಭಾರವಾದ ಚಿತ್ರಕ್ಕೆ ಹಗುರವಾದ ನಕಲನ್ನು ಮಾಡಿಕೊಂಡು ಅದರ ಮೇಲೆ ಕೆಲಸ ನಡೆಸುವ ಉಪಾಯ ಅದರಲ್ಲಿರುವುದರಿಂದ ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ.

ಬ್ಲೆಂಡರಿನ ಕಥೆಯಂತೂ ನನಗೆ ಬಹಳ ಹಿಡಿಸಿತು. ಮುಚ್ಚಿಹೋದ ಒಂದು ಡಚ್ ಕಂಪೆನಿಯ ಸೊತ್ತು ಅದು. 2002ರಲ್ಲಿ ಬಂಡವಾಳದಾರರು, ಒಂದು ಲಕ್ಷ ಯೂರೋ ಕೊಟ್ಟರೆ ಅದನ್ನು ಲೋಕಕ್ಕೆ ಬಿಟ್ಟುಕೊಡುತ್ತೇವೆಂದಾಗ, ಬಳಸುವವರೇ ಚಂದಾ ಎತ್ತಿ ಏಳು ವಾರಗಳಲ್ಲಿ ಅಷ್ಟನ್ನೂ ಕೂಡಿಸಿ ಬಿಡಿಸಿಕೊಂಡರು. ಚಂದಾ ಎತ್ತಿ ಅಭ್ಯಾಸವಿರುವ ನಮ್ಮಂಥ ಸಂಘದವರಿಗೆ ಆ ಏಳು ವಾರಗಳ ಬೆಲೆ ಗೊತ್ತು.

ಇಷ್ಟನ್ನು ಹೇಳಿ ನಾನು ಗೆದ್ದೆನೆಂದುಕೊಂಡೆ. ಮಗ, ‘ಆದರೆ ಕೈ ಅದಕ್ಕೆ ಹೊಂದಿಕೊಂಡುಬಿಟ್ಟಿದೆ ಅಪ್ಪಾ’ ಎಂದ. ‘ಅದು ನೆವ’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪಾಟಿನ ಮೇಲಿನ ಕಟ್ಟಿನತ್ತ ನೋಡಿ, ‘ನಿಮ್ಮ ಸ್ಮರಣಸಂಚಿಕೆಗಳನ್ನು ಯಾವುದರಲ್ಲಿ ಮಾಡಿದ್ದು?’ ಎಂದು ಕೇಳಿದ.

ಯಾವ ಸಂಘ ಎಂದು ದಯವಿಟ್ಟು ಕೇಳಬೇಡಿ. 1996ರಿಂದ ಏಳು ವರ್ಷ ಅದರ ವಾರ್ಷಿಕ ಸಂಚಿಕೆಯ ಜವಾಬ್ದಾರಿ ನನ್ನ ಮೇಲಿತ್ತು. ಕನ್ನಡ ಅಕ್ಷರ ಜೋಡಿಸುವ ಸಾಫ್ಟ್‌ವೇರಿಗೆ ಆ ಕಾಲದಲ್ಲಿ ಸಾವಿರಾರು ರೂಪಾಯಿ, ಜೊತೆಗೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು ಬೀಗ. ಪರಿಚಯದವರೊಬ್ಬರು ಬೀಗ ಬೇಡದ ಪ್ರತಿಯನ್ನು ನಾಲ್ಕು ಫ್ಲಾಪಿಗಳಲ್ಲಿ ತಂದುಕೊಟ್ಟರು. ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ನಾನೇ ಚೀಲದಲ್ಲಿಟ್ಟುಕೊಂಡು ಲೋಕಲ್ ಗಾಡಿಯಲ್ಲಿ ತಂದದ್ದು ಚೆನ್ನಾಗಿ ನೆನಪಿದೆ. ತಿಳಿದೂ ಇಂಥ ಪ್ರತಿಯನ್ನು ಬಳಸುವುದು ಅಪರಾಧವೆಂಬ 63-ಬಿ ಕಲಮನ್ನು 1994ರ ತಿದ್ದುಪಡಿಯಲ್ಲೇ ಸೇರಿಸಿಯಾಗಿತ್ತು. ಲಾಭದ ಉದ್ದೇಶವಿಲ್ಲದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಬಿಟ್ಟು ದಂಡಕ್ಕೆ ನಿಲ್ಲಿಸಬಹುದು. ನಮಗೆ ಅದು ತಿಳಿದಿರಲಿಲ್ಲ. ತಿಳಿಯುವ ಉತ್ಸಾಹವೂ ಇರಲಿಲ್ಲ. ಕನ್ನಡದ ಸೇವೆ ತಾನೆ ಎಂಬ ಸಮಾಧಾನ ಕೈಗೆಟುಕುವಲ್ಲಿಯೇ ಇತ್ತು.

ದಾರಿ ಇರಲಿಲ್ಲವೆ? ನಮ್ಮ ಮುಂಬಯಿಯಲ್ಲೇ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದ ಕೆ. ಪಿ. ರಾಯರು ಕನ್ನಡದ ಅಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳಿಗೆ ಹೊಂದಿಸುವ ವಿನ್ಯಾಸವನ್ನು ರೂಪಿಸಿದರು. ಇಂದು ಕರ್ನಾಟಕ ಸರ್ಕಾರದ ‘ನುಡಿ’ಯ ಕೀಲಿಮಣೆ ಅದನ್ನೇ ಆಧರಿಸಿದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಅದೂ ಉಚಿತವಾಗಿ. ಅಲ್ಲಿಂದ ಮುಂದೆ ಬಡತನದ ನೆವ ನಮಗೆ ಉಳಿದಿರಲಿಲ್ಲ. ಆದರೂ ಇನ್ನು ನಾಲ್ಕು ಸಂಚಿಕೆಗಳು ಆ ಫ್ಲಾಪಿಗಳಿಂದಲೇ ಹೊರಬಂದವು. ಕಾರಣ ಕೇಳಿದರೆ, ನಮ್ಮ ಅಕ್ಷರ ಜೋಡಿಸುವವರ ಕೈ ಅದಕ್ಕೆ ಹೊಂದಿಕೊಂಡಿತ್ತು.

ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ನಗಲಿಲ್ಲ, ನಕ್ಕಿದ್ದರೆ ಹಗುರವಾಗುತ್ತಿತ್ತು.

ಗಣಪತಿ ಹಬ್ಬದ ರಜೆಯಲ್ಲಿ ಅವನು ಇಡೀ ವಿಡಿಯೋವನ್ನು ಕೆಡೆನ್‌ಲೈವಿನಲ್ಲಿ ಮೊದಲಿನಿಂದ ಕಟ್ಟಿದ. ಮೊದಲಿನದರಲ್ಲಿ ಮಳೆಹನಿ ಅಕ್ಷರವಾಗಿ ಕರಗುವ ಒಂದು ಚಮತ್ಕಾರವಿತ್ತು, ಅದು ಈಗ ಇಲ್ಲ. ಅದಿಲ್ಲದೆ ಬಸ್ಸಿನ ದೃಶ್ಯ ಇನ್ನಷ್ಟು ಹೊತ್ತು ನಿಲ್ಲುತ್ತದೆ. ನನಗೆ ಅದೇ ಮೇಲೆನಿಸಿತು, ಅವನು ಇನ್ನೂ ಒಪ್ಪಿಲ್ಲ. ಕೊನೆಗೆ ಕಪ್ಪು ತೆರೆಯ ಮೇಲೆ ಚಿತ್ರ ಯಾರದು, ಹಾಡು ಯಾರದು, ಸಲಕರಣೆ ಯಾರದು ಎಂದು ಮೂರು ಸಾಲು ಬರೆದ. ಕನ್ನಡದಲ್ಲಿ. ‘ಸಲಕರಣೆ’ಯ ‘ಣ’ ಹೇಗೆಂದು ಅಡಿಗೆಮನೆಗೆ ಬಂದು ತಾಯಿಯನ್ನು ಕೇಳಿಕೊಂಡು ಹೋದ.

ಆ ರಾತ್ರಿ ನಾನು ಕಪಾಟಿನ ಕಟ್ಟು ಬಿಚ್ಚಿ 1999ರ ಸಂಚಿಕೆಯ ಕೊನೆಯ ಪುಟ ತೆಗೆದೆ. ‘ಕೃತಜ್ಞತೆಗಳು’ ಎಂಬ ಶೀರ್ಷಿಕೆಯ ಕೆಳಗೆ ಜಾಹೀರಾತುದಾರರು, ಸಭಾಗೃಹದವರು, ಹೂವಿನವರು, ಊಟದವರು, ಕುರ್ಚಿ ಬಾಡಿಗೆಯವರು, ರಂಗದ ಪರದೆ ಎಳೆದ ಹುಡುಗನ ತನಕ ಎಲ್ಲರ ಹೆಸರನ್ನೂ ಯಾರಿಗೂ ನೋವಾಗದಂತೆ ಅಕಾರಾದಿಯಾಗಿ ಹಾಕಿದ್ದೇವೆ. ಆ ಪುಟದ ಅಕ್ಷರಗಳನ್ನು ರೂಪಿಸಿದವರ ಹೆಸರು ಹುಡುಕಿದೆ. ಇರಲಿಲ್ಲ. ಆ ಸಂಸ್ಥೆ ಈಗಲೂ ಇದ್ದರೆ ಆಗಿನ ಬೆಲೆಯನ್ನಾದರೂ ಕಳಿಸಬೇಕೆಂದು ಮುಂದಿನ ತಿಂಗಳ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಅರ್ಜಿ ಇಡುವವನಿದ್ದೇನೆ. ಹಳೆಯ ಸದಸ್ಯರಲ್ಲಿ ಇಬ್ಬರಿಗೆ ಫೋನಿನಲ್ಲಿ ಹೇಳಿಯೂ ಆಯಿತು. ಒಬ್ಬರು ನಕ್ಕರು. ಇನ್ನೊಬ್ಬರು, ‘ಆ ಫ್ಲಾಪಿಗಳು ನನ್ನಲ್ಲಿ ಇನ್ನೂ ಇವೆ, ಏನು ಮಾಡಲಿ?’ ಎಂದು ಕೇಳಿದರು.