ನೊಣಕ್ಕೆ ಬೇಲಿಯಿಲ್ಲ

ಕೊಟ್ಟಿಗೆಯಲ್ಲಿ ಆಕಳು ಬಾಲ ಬೀಸಿ ನೊಣವನ್ನು ಓಡಿಸುತ್ತದೆ. ಹೊಟ್ಟೆ ತುಂಬದ ನೊಣ ಪಕ್ಕದ ಆಕಳ ಮೈಮೇಲೆ ಕೂತು ಅರ್ಧಕ್ಕೆ ನಿಂತ ಊಟವನ್ನು ಮುಗಿಸುತ್ತದೆ. ಚರ್ಮಗಂಟು ರೋಗದ ವೈರಸ್ಸು ಒಂದು ದನದಿಂದ ಇನ್ನೊಂದಕ್ಕೆ ದಾಟುವುದು ಹೆಚ್ಚಾಗಿ ಹೀಗೆ. ನೊಣವಲ್ಲದಿದ್ದರೆ ಸೊಳ್ಳೆ, ಉಣ್ಣೆ. ಇಲ್ಲಿ ತಪ್ಪು ಯಾರದು ಎಂದರೆ ಯಾರತ್ತಲೂ ಬೆರಳು ತೋರಿಸಲಾಗದು. ಬಾಲ ಬೀಸುವುದು ಆಕಳ ಧರ್ಮ, ರಕ್ತ ಹೀರುವುದು ನೊಣದ ಧರ್ಮ.

ನಡುವೆ ಮನುಷ್ಯ ಬಂದಾಗ ಲೆಕ್ಕ ಇಷ್ಟು ಸಲೀಸಲ್ಲ.

2022ರಲ್ಲಿ ಹಾವೇರಿ, ಧಾರವಾಡ, ಗದಗದ ಕಡೆ ಈ ರೋಗ ಹಬ್ಬಿ ದನದ ಸಂತೆಗಳು ನಿಂತಿದ್ದವು. ನನಗೆ ಪರಿಚಯವಿರುವ ರೈತರೊಬ್ಬರ ಎರಡು ಆಕಳಲ್ಲಿ ಒಂದಕ್ಕೆ ಮೈತುಂಬ ಗಂಟೆದ್ದಿತು. ಇನ್ನೊಂದನ್ನು ಅವರು ಅದೇ ವಾರ ದಲ್ಲಾಳಿಯ ಕೈಯಿಂದ ದೂರದ ಊರಿಗೆ ಮಾರಿದರು. "ನಾ ಕೊಡೂವಾಗ ಅದರ ಮೈ ಕನ್ನಡಿ ಇದ್ದಂಗ ಇತ್ರೀ. ನೊಣ ಕಡದ್ರ ನಾ ಏನ್ ಮಾಡ್ಲಿ?" ಎಂದರು.

ಮಾತು ಸುಳ್ಳಲ್ಲ. ಸೋಂಕು ತಗುಲಿ ಗಂಟು ಕಾಣಿಸಲು ಒಂದರಿಂದ ನಾಲ್ಕು ವಾರ ಹಿಡಿಯಬಹುದು. ಆದರೆ ಮನೆಯಲ್ಲಿ ಬೇನೆ ಬಿದ್ದ ದನ ಇದ್ದದ್ದು ಅವರಿಗೆ ಗೊತ್ತಿತ್ತು, ಕೊಂಡವನಿಗೆ ಗೊತ್ತಿರಲಿಲ್ಲ. ನೊಣ ಮಾಡಿದ್ದಕ್ಕೆ ಅವರು ಹೊಣೆಯಲ್ಲ. ಹೇಳದೆ ಉಳಿದದ್ದಕ್ಕೆ ಹೊಣೆ. ಇಷ್ಟು ಹೇಳಿ ನಾನು ಕೈತೊಳೆದುಕೊಳ್ಳಬಹುದಿತ್ತು. ಹಾಲು ಪ್ಯಾಕೆಟ್ಟಿನಲ್ಲಿ ಕೊಳ್ಳುವವನಿಗೆ ನ್ಯಾಯ ಹೇಳುವುದು ಸುಲಭ.

ನಿಜ ಹೇಳಿದ್ದರೆ ಉಳಿಯುತ್ತಿದ್ದದ್ದು ಊರಿನ ದನ, ಹೋಗುತ್ತಿದ್ದದ್ದು ಅವರೊಬ್ಬರ ಗಂಟು. ಬಲ್ಗೇರಿಯಾದಲ್ಲಿ 2016ರಲ್ಲಿ ಒಂದು ದನಕ್ಕೆ ರೋಗ ಬಂದರೆ ಆ ಮಂದೆಯನ್ನೇ ಕೊಂದರು, ಒಡೆಯನಿಗೆ ಪರಿಹಾರ ಕೊಟ್ಟರು, ದೇಶದ ದನಕ್ಕೆಲ್ಲ ಲಸಿಕೆ ಹಾಕಿದರು. ರೋಗವನ್ನು ತಡೆದದ್ದು ಕೊಲೆಗಿಂತ ಹೆಚ್ಚಾಗಿ ಲಸಿಕೆಯೇ ಎಂದು ಯುರೋಪಿನ ತಜ್ಞರೇ ಆಮೇಲೆ ಹೇಳಿದರು. ಕೊಂದದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಒಬ್ಬನ ನಷ್ಟ ಎಲ್ಲರ ನಷ್ಟವೆಂದು ಅಲ್ಲಿ ಲೆಕ್ಕಕ್ಕೆ ಬಂತು. ನಾವು ಕೊಲ್ಲಲಿಲ್ಲ, ಅದನ್ನು ಕರುಣೆ ಎಂದೆವು. ಕರುಣೆಯ ಖರ್ಚನ್ನು ಮಾತ್ರ ಕೊಟ್ಟಿಗೆಯ ಯಜಮಾನನ ಹೆಸರಿಗೆ ಬರೆದೆವು. ಗಂಟೆದ್ದ ದನಗಳಲ್ಲಿ ಸಾಯುವುದು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಐದು, ಕೆಲವು ಕಡೆ ಹೆಚ್ಚು. ಉಳಿದವು ಹಾಲು ಬತ್ತಿ, ಗಬ್ಬ ಹೋಗಿ, ಬಡಕಲಾಗಿ ಬದುಕುತ್ತವೆ. ರಾಜ್ಯ ಸರ್ಕಾರ ಆ ವರ್ಷ ಘೋಷಿಸಿದ ಪರಿಹಾರ ಸತ್ತವಕ್ಕೆ: ಆಕಳಿಗೆ 20,000 ರೂಪಾಯಿ, ಎತ್ತಿಗೆ 30,000, ಕರುವಿಗೆ 5,000.

ಆ ರೈತರಿಗೆ ಮಾರಾಟದಲ್ಲಿ ಸಿಕ್ಕದ್ದು 18,000. ಸತ್ತಿದ್ದರೆ ಇನ್ನೆರಡು ಸಾವಿರ ಹೆಚ್ಚು ಬರುತ್ತಿತ್ತಲ್ಲ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಸಾಯ್ಲಿ ಅಂತ ಹೆಂಗ್ ಕಾಯೂದ್ರೀ?"